ಮಂಚ ಇಲ್ಲ

ಮಕ್ಕಳ ಆಫೀಸಿನವರು ಫೋನ್ ಮಾಡಿದಾಗ ‘ಒಂದು ಮಗು ಬಂದಿದೆ, ಇಟ್ಟುಕೊಳ್ಳುತ್ತೀರಾ?’ ಎಂದು ಕೇಳುವ ಪದ್ಧತಿ ಇಲ್ಲ. ‘ಮಂಚ ಇದೆಯಾ?’ ಎಂದು ಕೇಳುತ್ತಾರೆ. ಮಗು ಬೇಡ ಎನ್ನುವುದಕ್ಕೆ ಎಂಥ ಗಟ್ಟಿಗಿತ್ತಿಗೂ ನಾಲಿಗೆ ಏಳುವುದಿಲ್ಲ. ಮಂಚ ಇಲ್ಲ ಎನ್ನುವುದಕ್ಕೆ ಏನು ಕಷ್ಟ? ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ, ಅಪ್ಪ ಅಮ್ಮನ ಕೈತಪ್ಪಿದ ಮಕ್ಕಳನ್ನು ಮುಂದೇನು ಎಂದು ತೀರ್ಮಾನವಾಗುವ ತನಕ ನಾಲ್ಕು ದಿನ ಇಟ್ಟುಕೊಳ್ಳುವ ಮನೆಗಳು ಬೆರಳೆಣಿಕೆಯಷ್ಟು. ಆ ಮನೆಗಳ ಹೆಂಗಸರಿಗೆಲ್ಲ ಈ ಮಾತು ಬಾಯಿಪಾಠ. ಹಾಲುಗಲ್ಲದ ಕೂಸು ಎಂದರೆ ಮಂಚ ಇರುತ್ತದೆ. ಬೆಳೆದ ಹುಡುಗಿ, ತುಟಿಗೆ ಉಂಗುರ ಚುಚ್ಚಿಸಿಕೊಂಡಿದ್ದಾಳೆ, ಎದುರು ಮಾತಾಡುತ್ತಾಳೆ ಎಂದರೆ ಇರುವುದಿಲ್ಲ. ಆಫೀಸಿನವರೂ ಸುಳ್ಳೆಂದು ಗೊತ್ತಿದ್ದೇ ‘ಆಗಲಿ ಬಿಡಿ’ ಎಂದು ಫೋನ್ ಇಡುತ್ತಾರೆ. ನಾಳೆ ಇನ್ನೊಂದು ಕೂಸಿಗೆ ಇದೇ ಹೆಂಗಸಿನ ಮುಂದೆ ಹಲ್ಲು ಗಿಂಜಬೇಕಲ್ಲ.

ವರ್ಲೀನ್ ಸ್ಟಾಲ್ನೇಕರ್ ಅವತ್ತು ಮಧ್ಯಾಹ್ನ ಹಿಟ್ಟು ನಾದುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಮದುವೆಯಾದವಳಾದರೂ ಆ ಕಡೆಯ ಮರ್ಯಾದೆಯಂತೆ ಎಲ್ಲರಿಗೂ ‘ಮಿಸ್ ವರ್ಲೀನ್’. ಗಂಡ ಹೋಬರ್ಟ್ ಗಣಿಯ ಧೂಳು ಕುಡಿದೂ ಕುಡಿದೂ ಹೋದ ಮೇಲೆ ಈ ಕೆಲಸ ಹಿಡಿದಿದ್ದಳು. ಫೋನಿನಲ್ಲಿ ಟ್ರೀಸಾ. ಆಫೀಸಿನಲ್ಲಿ ಇಂಥ ಮಕ್ಕಳ ಜವಾಬ್ದಾರಿ ಹೊತ್ತವಳು.

"ಮಿಸ್ ವರ್ಲೀನ್, ಮಂಚ ಇದೆಯಾ? ಅಕ್ಕ ತಂಗಿ. ಚಿಕ್ಕೋಳಿಗೆ ಆರು, ದೊಡ್ಡೋಳಿಗೆ ಹದಿನೈದು. ಅವರಮ್ಮ ಮಾತ್ರೆ ನುಂಗಿ ಎಚ್ಚರ ತಪ್ಪಿದ್ಳು, ಆಸ್ಪತ್ರೇಲಿದಾಳೆ."

"ಅಯ್ಯೋ ಪಾಪ," ಎಂದಳು ವರ್ಲೀನ್. ನಿಜವಾಗಿಯೂ ಪಾಪ ಅನ್ನಿಸಿತ್ತು. ಆಮೇಲೆ, ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, "ಚಿಕ್ಕೋಳನ್ನ ಕರ್ಕೊಂಡ್ಬಾ. ದೊಡ್ಡೋಳಿಗೆ ಮಂಚ ಇಲ್ಲ ಕಣಮ್ಮ," ಎಂದಳು.

ಟ್ರೀಸಾ ಅಲ್ಲಿಗೇ ಬಿಡಲಿಲ್ಲ. "ಅಕ್ಕ ತಂಗೀನ ಬೇರೆ ಮಾಡಿದ್ರೆ ಕಷ್ಟ. ಯೋಚ್ನೆ ಮಾಡಿ."

"ಇದ್ದಿದ್ರೆ ಇಲ್ಲ ಅಂತಿದ್ನಾ?"

ಇತ್ತು. ಹಿಂದಿನ ಕೋಣೆಯಲ್ಲಿ ಒಂದು, ಅದರ ಎದುರು ಕೋಣೆಯಲ್ಲಿ ಇನ್ನೊಂದು. ಎದುರು ಕೋಣೆಯದು ಒಗೆದ ಹಾಸು ಹೊದ್ದು, ಹೋದ ವರ್ಷದಿಂದ ಖಾಲಿ ಬಿದ್ದಿತ್ತು. ಹೋದ ವರ್ಷ ಅಲ್ಲಿ ಮಲಗುತ್ತಿದ್ದ ದೊಡ್ಡ ಹುಡುಗಿಯೊಬ್ಬಳು ಚರ್ಚಿನ ಊಟದಲ್ಲಿ ಹತ್ತು ಜನರ ಮುಂದೆ, "ಇವರು ಮನೆಗೆ ಯಾರಾದ್ರೂ ಬಂದಾಗ ಮಾತ್ರ ಊಟಕ್ಕೆ ಮುಂಚೆ ಜೋರಾಗಿ ಪ್ರಾರ್ಥನೆ ಮಾಡ್ತಾರೆ, ಇಲ್ದಿದ್ರೆ ಟೀವಿ ನೋಡ್ತಾ ತಿಂತಾರೆ," ಎಂದುಬಿಟ್ಟಿದ್ದಳು. ಎಲ್ಲರೂ ನಕ್ಕರು. ವರ್ಲೀನಳ ಗೆಳತಿ ನೋವೆಲ್ಲಾ ಅಂತೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹುಡುಗಿ ಕದ್ದಿದ್ದರೆ, ಓಡಿಹೋಗಿದ್ದರೆ ವರ್ಲೀನ್ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಆಡಿದ್ದು ನಿಜವಾದ್ದರಿಂದ ಅದು ಮೈಗೆ ಹತ್ತಿತು. ಅಂದಿನಿಂದ ದೊಡ್ಡ ಹುಡುಗಿಯರಿಗೆ ಆ ಮನೆಯಲ್ಲಿ ಮಂಚ ಇಲ್ಲ. ಚಿಕ್ಕವರಿಗೆ ಕಣ್ಣಿದ್ದರೂ ಆ ತರಹದ ಕಣ್ಣಿರುವುದಿಲ್ಲ. ಭಾನುವಾರ ರಿಬ್ಬನ್ ಕಟ್ಟಿ ಪಕ್ಕದಲ್ಲಿ ಕೂರಿಸಿಕೊಂಡರೆ ಜನ ‘ವರ್ಲೀನ್, ನೀನು ದೇವತೆ’ ಎನ್ನುತ್ತಾರೆ. ಈಸ್ಟರ್ ಹಬ್ಬವೂ ಹತ್ತಿರ ಬಂದಿತ್ತು.

ಫೋನ್ ಇಟ್ಟವಳಿಗೆ ಒಂದು ದಿಗಿಲು ಹತ್ತಿತು. ಟ್ರೀಸಾ ಬಂದರೆ ಮಗು ಮಲಗುವ ಜಾಗ ನೋಡಿಯೇ ಹೋಗುವವಳು. ಎದುರು ಕೋಣೆ ಕಣ್ಣಿಗೆ ಬೀಳದೆ ಇರುತ್ತದೆಯೇ? ಚರ್ಚಿನ ಹಳೆ ಬಟ್ಟೆ ಮಾರಾಟಕ್ಕೆಂದು ಜನ ಕೊಟ್ಟ ಬಟ್ಟೆಯ ಚೀಲಗಳು ಗ್ಯಾರೇಜಿನಲ್ಲಿದ್ದವು. ಒಂದೊಂದಾಗಿ ಎಳೆದು ತಂದು ಆ ಮಂಚದ ಮೇಲೆ ಸುರಿದಳು. ಕೋಟು, ಪ್ಯಾಂಟು, ಯಾರದೋ ಮದುವೆಯ ಲಂಗ, ಮಕ್ಕಳ ಸ್ವೆಟರು. ದಿಂಬು ಮುಚ್ಚಿತು, ಹೊದಿಕೆ ಮುಚ್ಚಿತು. ಸೊಂಟ ಹಿಡಿದುಕೊಂಡಿತು. ಬಾಗಿಲನ್ನು ಬೇಕೆಂದೇ ಹಾರು ಹೊಡೆದು ಬಿಟ್ಟಳು, ನೋಡುವವರು ನೋಡಿಕೊಳ್ಳಲಿ ಎಂದು. ಸುಳ್ಳನ್ನು ನಿಜ ಮಾಡುವುದಕ್ಕೆ ಇಷ್ಟು ಮೈ ಬಗ್ಗಿಸಿದವಳು ಅದೇ ಮೈ ಬಗ್ಗಿಸಿ ಇನ್ನೊಂದು ಮಂಚಕ್ಕೆ ಹಾಸು ಬದಲಿಸಬಹುದಿತ್ತು ಎಂದು ಯಾರಾದರೂ ಹೇಳಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಕಾರು ಬಂದಾಗ ಅದರಲ್ಲಿ ಇಬ್ಬರೂ ಇದ್ದರು. ಅದನ್ನು ವರ್ಲೀನ್ ನಿರೀಕ್ಷಿಸಿರಲಿಲ್ಲ. ದೊಡ್ಡವಳು ಮಕೆನ್ನಾ, ಉದ್ದನೆಯ ಸಣಕಲು ಹುಡುಗಿ, ತಂಗಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ತುಟಿಯಲ್ಲಿ ಉಂಗುರವೇನೂ ಇರಲಿಲ್ಲ.

"ಇವಳ ಹೆಸ್ರು ಓಪಲ್," ಎಂದಳು. "ಕಾಳು ಬ್ರೆಡ್ಡಿಗೆ ತಾಗಿದ್ರೆ ತಿನ್ನಲ್ಲ. ಬೇರೆ ಬೇರೆ ಬಡಿಸಿ. ಮಲಗೋವಾಗ ಬೆನ್ನು ತಟ್ಬೇಕು, ಆದ್ರೆ ಹಾಡು ಹೇಳ್ಬೇಡಿ, ಹಾಡು ಹೇಳಿದ್ರೆ ಅಮ್ಮನ್ನ ನೆನೆಸ್ಕೋತಾಳೆ. ಹೆದ್ರಿದ್ರೆ ಊಟ ಬಿಡ್ತಾಳೆ. ಹೋದ ಸಲ ಬೇರೆ ಮನೇಲಿ ಹಂಗೇ ಮಾಡಿ ಡ್ರಿಪ್ ಹಾಕ್ಸೋ ಹಂಗಾಯ್ತು."

"ನಾನು ನೋಡ್ಕೋತೀನಮ್ಮ," ಎಂದಳು ವರ್ಲೀನ್, ಆ ಹುಡುಗಿಯ ಮುಖ ನೋಡದೆ.

ಮಕೆನ್ನಾ ಬಚ್ಚಲಿಗೆ ಹೋಗಬೇಕು ಎಂದಳು. ವರ್ಲೀನ್ ದಾರಿ ತೋರಿಸಿದಳು. ಅಷ್ಟರಲ್ಲಿ ಟ್ರೀಸಾ ಓಪಲ್‌ಳ ಕೋಣೆ ನೋಡಿದಳು, ಎದುರು ಕೋಣೆಗೂ ಕಣ್ಣು ಹಾಯಿಸಿದಳು.

"ಚರ್ಚಿನ ಬಟ್ಟೆಯಾ?"

"ಹೂಂ. ಇಡೋಕೆ ಜಾಗವೇ ಇಲ್ಲ ನೋಡು."

"ಹೌದೌದು," ಎಂದಳು ಟ್ರೀಸಾ. ಅವಳ ದನಿಯಲ್ಲಿ ಏನೂ ಇರಲಿಲ್ಲ. ಅದೇ ವರ್ಲೀನಳಿಗೆ ಚುಚ್ಚಿತು.

ಹೊರಡುವಾಗ ಓಪಲ್ ಅಕ್ಕನ ಅಂಗಿ ಹಿಡಿದುಕೊಂಡು ಬಿಡಲಿಲ್ಲ. ಮಕೆನ್ನಾ ಕುಕ್ಕರುಗಾಲಲ್ಲಿ ಕೂತು ಅವಳ ಬೆರಳು ಬಿಡಿಸಿದಳು. "ಇಲ್ಲಿ ಒಂದೇ ಮಂಚ ಇರೋದು ಕಣೇ. ಒಂದ್ರಲ್ಲಿ ಇಬ್ರನ್ನ ಮಲಗ್ಸೋ ಹಂಗಿಲ್ಲ, ಆಫೀಸಿನ ರೂಲ್ಸು ಹಂಗೆ. ಇವರು ಒಳ್ಳೇವ್ರು. ಇವರ ಮನೇಲಿ ರೊಟ್ಟಿ ವಾಸ್ನೆ ಬರ್ತಿದೆ ನೋಡು." ವರ್ಲೀನ್ ಒಳಗೆ ಓಡಿ ನಡುವೆ ಖಾರದ ಮಾಂಸ ಇಟ್ಟು ಸುಟ್ಟ ಬಿಸಿ ಬ್ರೆಡ್ ರೋಲುಗಳನ್ನು ಕಾಗದದಲ್ಲಿ ಸುತ್ತಿ ತಂದು ದೊಡ್ಡ ಹುಡುಗಿಯ ಕೈಗೆ ತುರುಕಿದಳು. ಥ್ಯಾಂಕ್ಸ್ ಮೇಡಂ ಎಂದಳು ಹುಡುಗಿ. ಕಾರು ಹೋದ ಮೇಲೆ ಒಳಗೆ ಬಂದರೆ ಎದುರು ಕೋಣೆಯ ಬಾಗಿಲು ಹಾಕಿತ್ತು. ಟ್ರೀಸಾ ಹಾಕಿರಬೇಕು ಅಂದುಕೊಂಡಳು.

ಓಪಲ್ ಅಳಲಿಲ್ಲ. ಹಟ ಮಾಡಲಿಲ್ಲ. ಮುಚ್ಚಿದ ಬಾಗಿಲನ್ನು ತೆಗೆಯದ, ಕೇಳದೆ ಬಿಸ್ಕತ್ತು ಮುಟ್ಟದ ಮಗು. ಕಾಳು ಒಂದು ಬಟ್ಟಲಲ್ಲಿ, ಮೆಕ್ಕೆಜೋಳದ ಬ್ರೆಡ್ಡು ಇನ್ನೊಂದರಲ್ಲಿ ಕೊಟ್ಟರೆ ಎರಡನ್ನೂ ತಿನ್ನುತ್ತಿತ್ತು. ಭಾನುವಾರ ಹಳದಿ ಲಂಗ ಹಾಕಿಸಿ ಚರ್ಚಿಗೆ ಕರೆದುಕೊಂಡು ಹೋದಾಗ ಹೆಂಗಸರು ಮುತ್ತಿಕೊಂಡರು.

"ಎಷ್ಟು ಮುದ್ದಾಗಿದೆ. ಒಬ್ಳೇನಾ?" ಎಂದಳು ನೋವೆಲ್ಲಾ.

"ಅಕ್ಕ ಒಬ್ಳಿದಾಳೆ," ಎಂದಿತು ಓಪಲ್. "ಅವ್ಳಿಗೆ ಮಂಚ ಸಿಗ್ಲಿಲ್ಲ."

"ಓಹ್," ಎಂದಳು ನೋವೆಲ್ಲಾ. ಅವಳ ಮನೆಯಲ್ಲೂ ಮಕ್ಕಳನ್ನು ಇಟ್ಟುಕೊಂಡಿದ್ದ ಕಾಲ ಒಂದಿತ್ತು. ವರ್ಲೀನಳತ್ತ ನೋಡಿ ಹುಬ್ಬು ಹಾರಿಸಿದಳು. "ಬಟ್ಟೆ ಎಲ್ಲಮ್ಮ? ಇವತ್ತು ತರ್ತೀನಿ ಅಂದಿದ್ದೆ."

"ಇನ್ನೂ ವಿಂಗಡಿಸಿಲ್ಲ," ಎಂದಳು ವರ್ಲೀನ್. ಅವತ್ತು ಯಾರೋ ‘ದೇವತೆ’ ಎಂದರು. ಕೇಳಿಸದವಳ ಹಾಗೆ ಹಾಡಿನ ಪುಸ್ತಕ ತಿರುವಿದಳು.

ಮರುದಿನ ಬೆಳಿಗ್ಗೆ ಓಪಲ್‌ಳನ್ನು ಎಬ್ಬಿಸಲು ಹೋದರೆ ಮಂಚ ಖಾಲಿ. ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ, ದಿಂಬು ತಟ್ಟಿ ಇಟ್ಟಂತಿದೆ. ಮಗು ಕೆಳಗೆ, ಮಂಚದ ಪಕ್ಕದ ಬರಿಯ ಚಾಪೆಯ ಮೇಲೆ, ತನ್ನ ಕೋಟು ಹೊದ್ದು ಮುದುರಿಕೊಂಡಿತ್ತು. ಹಾಸಿಗೆ ಒದ್ದೆ ಮಾಡಿಕೊಂಡು ಹೆದರಿದೆ ಅಂದುಕೊಂಡು ವರ್ಲೀನ್ ಹಾಸು ಮುಟ್ಟಿ ನೋಡಿದಳು. ಒಣಗಿತ್ತು. ತಣ್ಣಗಿತ್ತು. ಯಾರೂ ಅದರ ಮೇಲೆ ಮಲಗಿಯೇ ಇರಲಿಲ್ಲ.

"ಪುಟ್ಟೀ, ಯಾಕೆ ಕೆಳಗೆ ಮಲ್ಕೊಂಡೆ? ಬಿದ್ಯಾ?"

"ಇಲ್ಲ. ಬಂದಾಗಿಂದ ಇಲ್ಲೇ ಮಲ್ಕೋತಿದೀನಿ. ನೀವು ಬೆನ್ನು ತಟ್ಟಿ ಹೋದ್ಮೇಲೆ ಇಳೀತೀನಿ. ಬೆಳಗ್ಗೆ ಬೇಗ ಹತ್ಕೋತಿದ್ದೆ, ಇವತ್ತು ಎಚ್ರ ಆಗ್ಲಿಲ್ಲ." ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಮುಖ ಸಣ್ಣದು ಮಾಡಿಕೊಂಡಿತು. ಆಮೇಲೆ ಧೈರ್ಯ ತಂದುಕೊಂಡು, "ನಂಗೆ ನೆಲ ರೂಢಿ ಆಯ್ತು, ಮಿಸ್ ವರ್ಲೀನ್. ಇನ್ಮೇಲೆ ನಂಗೆ ಮಂಚ ಬೇಡ. ಆಫೀಸಿಗೆ ಫೋನ್ ಮಾಡಿ ಹೇಳಿ, ಒಂದು ಮಂಚ ಖಾಲಿ ಆಗಿದೆ ಅಂತ," ಎಂದಿತು.

ವರ್ಲೀನ್ ಮಂಚದ ತುದಿಯಲ್ಲಿ ಕೂತುಬಿಟ್ಟಳು. ಮೈಯೆಲ್ಲ ಹಿಡಿಯಷ್ಟಾಯಿತು. ಇಷ್ಟು ವರ್ಷ ಅವಳೂ, ನೋವೆಲ್ಲಾಳೂ, ಕಣಿವೆಯ ಅಷ್ಟೂ ಹೆಂಗಸರೂ ಆಡಿಕೊಂಡು ಬಂದ ಒಂದು ಮಾತನ್ನು ಈ ಕೂಸು ಇದ್ದದ್ದು ಇದ್ದಂತೆ ನಂಬಿತ್ತು. ನಂಬಿ, ಅದಕ್ಕೆ ತನ್ನ ಕೈಲಾದ ಪರಿಹಾರವನ್ನೂ ಹುಡುಕಿ, ಮೈ ನೋಯಿಸಿಕೊಂಡು ಅಭ್ಯಾಸ ಮಾಡಿತ್ತು. ಎದುರು ಕೋಣೆಯಲ್ಲಿ ಮದುವೆಯ ಲಂಗವೊಂದು ಮಂಚದ ಮೇಲೆ ಸುಖವಾಗಿ ಮಲಗಿತ್ತು.

ತಿಂಡಿಯನ್ನೂ ಮಾಡದೆ ಟ್ರೀಸಾಗೆ ಫೋನ್ ಮಾಡಿದಳು. "ಮಂಚ ಇದೆ," ಎಂದಳು. "ದೊಡ್ಡೋಳಿಗೆ. ಈಗ್ಲೇ ಬಂದು ಕರ್ಕೊಂಡು ಹೋಗ್ತೀನಿ."

"ಮಿಸ್ ವರ್ಲೀನ್," ಎಂದಳು ಟ್ರೀಸಾ, ಸುಸ್ತಾದ ದನಿಯಲ್ಲಿ. "ಅವಳನ್ನ ಇವತ್ತು ಬೆಟ್ಟದ ಆಚೆ, ರಾಜ್ಯದ ಆ ತುದೀಲಿರೋ ಹುಡುಗೀರ ಆಶ್ರಯಧಾಮಕ್ಕೆ ಕಳಿಸ್ತಿದೀವಿ. ಜಡ್ಜು ಸಹಿ ಹಾಕಿ ಆಯ್ತು. ತಂಗೀನ ಕರ್ಕೊಂಡು ಬನ್ನಿ, ಒಂದ್ಸಲ ನೋಡ್ಕೊಳ್ಲಿ."

ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಓಪಲ್ ಮಾತಾಡುತ್ತಿತ್ತು. ಅಕ್ಕನಿಗೆ ದಿಂಬು ಎತ್ತರ ಬೇಕು ಎಂದಿತು. ಅಕ್ಕ ಬೆಳಿಗ್ಗೆ ಎಬ್ಬಿಸಿದರೆ ಬೈಯುತ್ತಾಳೆ, ತಲೆ ಕೆಡಿಸಿಕೊಳ್ಳಬಾರದು ಎಂದಿತು. ಬೇಡಿಕೊಂಡರೆ ಆದೀತು, ಟ್ರೀಸಾ ತನಗೆ ಋಣಿ, ಎಷ್ಟು ಕೂಸುಗಳಿಗೆ ತಾನು ಇಲ್ಲ ಎನ್ನದೆ ಬಾಗಿಲು ತೆಗೆದಿದ್ದೇನೆ ಎಂದು ವರ್ಲೀನ್ ಮನಸ್ಸಿನಲ್ಲೇ ವಾದ ಕಟ್ಟುತ್ತಿದ್ದಳು.

ಆಫೀಸಿನ ಕೊನೆಯ ಕೋಣೆಯಲ್ಲಿ ಗಾಳಿ ತುಂಬಿದ ಹಾಸಿಗೆಯೊಂದನ್ನು ಟ್ರೀಸಾ ಮೊಣಕಾಲೂರಿ ಅದುಮುತ್ತ ಗಾಳಿ ಬಿಡಿಸುತ್ತಿದ್ದಳು. ಮಕೆನ್ನಾ ಇಷ್ಟು ದಿನ ಅದರ ಮೇಲೆ, ಫೈಲಿನ ಬೀರುಗಳ ನಡುವೆ ಮಲಗಿದ್ದಳು. ಓಪಲ್‌ಳನ್ನು ಮುಂದಿನ ಮೇಜಿನ ಹುಡುಗಿಯ ಹತ್ತಿರ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ, ವರ್ಲೀನ್ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

"ಅವಳನ್ನ ನನ್ನ ಮನೆಗೆ ಕಳ್ಸು. ಜಡ್ಜಿಗೆ ನಾನು ಹೇಳ್ತೀನಿ."

"ಏನಂತ ಹೇಳ್ತೀರಿ?" ಟ್ರೀಸಾ ಎದ್ದು ನಿಂತಳು. ಜಗಳದ ದನಿ ಅಲ್ಲ. "ಅಲ್ಲಿ ಜಾಗ ಸಿಕ್ಕಿದ್ದೇ ಹೆಚ್ಚು. ಕೈಬಿಟ್ರೆ ಇನ್ಯಾರಿಗೋ ಹೋಗತ್ತೆ. ಒಂದ್ಸಲ ಸೇರ್ಸಿದ್ರೆ ಬೇಸಿಗೆ ಮುಗಿಯೋ ತನಕ ತೆಗೆಯೋ ಹಂಗಿಲ್ಲ. ಬೇಡ ಅಂತ ಬಿಟ್ಟು ನಿಮ್ಮನೆಗೆ ಕಳ್ಸಿ, ಆ ಹುಡುಗಿ ಏನೋ ಎದುರು ಮಾತಾಡಿ, ನಾಳಿದ್ದು ನಿಮ್ಮ ಮಂಚ ಮತ್ತೆ ಕಾಣೆ ಆದ್ರೆ? ನಾನು ಅವಳನ್ನ ಎಲ್ಲಿ ಮಲಗ್ಸಲಿ, ಮಿಸ್ ವರ್ಲೀನ್? ನೀವೇ ಹೇಳಿ."

ಟ್ರೀಸಾ ಗಾಳಿ ಹೋದ ಹಾಸಿಗೆಯನ್ನು ಸುತ್ತಿ ಎತ್ತಿಕೊಂಡು, "ಗಾಡಿ ಬರೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಅವಳು ಆಚೆ ಇದಾಳೆ," ಎಂದು ಹೋದಳು.

ಮಕೆನ್ನಾ ಆಫೀಸಿನ ಕಾರಿಡಾರಿನ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವರ್ಲೀನಳನ್ನು ಕಂಡು ಎದ್ದು ನಿಂತಳು. ಆ ಮರ್ಯಾದೆ ವರ್ಲೀನಳನ್ನು ಇನ್ನಷ್ಟು ಕುಗ್ಗಿಸಿತು.

"ಓಪಲ್ ತಿಂತಾ ಇದಾಳಾ?"

"ತಿಂತಾಳೆ. ಚೆನ್ನಾಗಿ ತಿಂತಾಳೆ." ವರ್ಲೀನ್ ಪಕ್ಕದಲ್ಲಿ ಕೂತಳು. "ನೋಡಮ್ಮ, ಅವತ್ತು ನಾನು ಟ್ರೀಸಾಗೆ ಹೇಳಿದ್ದು..."

"ನಂಗೊತ್ತು," ಎಂದಳು ಮಕೆನ್ನಾ.

"ಏನು ಗೊತ್ತು?"

"ಬಚ್ಚಲಿಗೆ ಹೋದಾಗ ನೋಡ್ದೆ. ಬಟ್ಟೆ ರಾಶಿ ಕೆಳಗೆ ಮಂಚದ ಕಾಲು ಕಾಣಿಸ್ತಿತ್ತು. ಓಪಲ್ ನೋಡ್ಬಿಟ್ರೆ ಅಂತ ಬಾಗಿಲು ಹಾಕಿ ಬಂದೆ." ಹುಡುಗಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಇದು ನನಗೆ ನಾಲ್ಕನೇ ಸಲ, ಮೇಡಂ. ‘ಮಂಚ ಇಲ್ಲ’ ಅಂದ್ರೆ ಏನು ಅಂತ ನಂಗೆ ಯಾವತ್ತೋ ಗೊತ್ತಾಯ್ತು."

ಭೂಮಿ ಬಾಯಿಬಿಟ್ಟರೆ ಇಳಿದು ಹೋಗುತ್ತೇನೆ ಎನ್ನುವುದನ್ನು ವರ್ಲೀನ್ ಎಷ್ಟೋ ಸಲ ಸುಮ್ಮನೆ ಆಡಿದ್ದಳು, ಕೇಕು ಸೀದುಹೋದಾಗ, ಕಾಲುಚೀಲ ಹರಿದಾಗ. ಈಗ ನಿಜವಾಗಿ ಹಾಗನ್ನಿಸಿತು. "ನಾನು ತಪ್ಪು ಮಾಡ್ದೆ. ಓಪಲ್‌ಗೆ ನಾನೇ ಇವತ್ತು ನಿಜ ಹೇಳ್ತೀನಿ. ಅವಳ ಹತ್ರ ಕ್ಷಮೆ ಕೇಳ್ತೀನಿ," ಎಂದಳು. ಹೇಳುವಾಗಲೇ ಎದೆಯ ಭಾರ ಅರ್ಧ ಇಳಿದ ಹಾಗಾಯಿತು.

"ಬೇಡ."

"ಇಲ್ಲಮ್ಮ, ಹೇಳ್ಬೇಕು..."

"ಬೇಡ ಅಂದ್ನಲ್ಲ." ಮೊದಲ ಸಲ ಹುಡುಗಿಯ ದನಿ ಗಡುಸಾಯಿತು. "ಹೇಳಿದ್ರೆ ನಿಮ್ಮ ಮನ್ಸು ಹಗುರ ಆಗತ್ತೆ. ಅವಳು ಊಟ ಬಿಡ್ತಾಳೆ. ನಾನಿಲ್ಲಿ ಇರಲ್ಲ, ತಿನ್ಸೋಕೆ. ಅವಳು ನಿಮ್ಮ ಕೈಯಿಂದ ತಿನ್ಬೇಕು, ನಿಮ್ಮನೇಲಿ ನಿದ್ದೆ ಮಾಡ್ಬೇಕು. ನೀವು ಒಳ್ಳೇವ್ರು ಅಂತ ಅವಳಿಗೆ ಹೇಳಿದೀನಿ. ಹಾಗೇ ಇರ್ಲಿ."

ವರ್ಲೀನ್ ತಲೆ ತಗ್ಗಿಸಿದಳು. ಈ ಹುಡುಗಿ ತನ್ನ ಮರ್ಯಾದೆಯನ್ನು ಕಾಪಾಡಿದ್ದಳು. ಕನಿಕರದಿಂದಲ್ಲ, ತನ್ನ ತಂಗಿಗೆ ಎರಡು ಹೊತ್ತು ಅನ್ನ ಇಳಿಯಲಿ ಎಂದು. ಇಂಥವಳು ಊಟದ ಮೇಜಿನಲ್ಲಿ ಎದುರು ಕೂತು ತನ್ನ ಪ್ರಾರ್ಥನೆಯನ್ನು ಆಡಿಕೊಂಡು ನಕ್ಕಿದ್ದರೂ ಏನು ಗಂಟು ಹೋಗುತ್ತಿತ್ತು? ದಿನಾ ನಗಬಹುದಿತ್ತು. ಹಾಗೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಓಪಲ್ ಓಡಿ ಬಂದು ಅಕ್ಕನ ಸೊಂಟ ತಬ್ಬಿಕೊಂಡಿತು.

"ಅಕ್ಕಾ, ಬಾ ಹೋಗೋಣ. ನಾನು ಮಂಚ ಖಾಲಿ ಮಾಡಿದೀನಿ. ನೆಲ ಏನೂ ಗಟ್ಟಿ ಇಲ್ಲ, ಚಾಪೆ ಇದೆ. ನೀನು ಮೇಲೆ ಮಲ್ಕೋಬಹುದು."

ಮಕೆನ್ನಾ ಅರ್ಥವಾಗದೆ ವರ್ಲೀನಳ ಕಡೆ ನೋಡಿದಳು. "ಬಂದಾಗಿಂದ ಕೆಳಗೆ ಮಲಗಿದಾಳೆ," ಎಂದಳು ವರ್ಲೀನ್ ಮೆಲ್ಲಗೆ. "ನಿನಗೆ ಅಂತ. ನಂಗೆ ಇವತ್ತು ಬೆಳಗ್ಗೆ ಗೊತ್ತಾಯ್ತು."

ಹುಡುಗಿ ಮುಖ ಆಚೆ ತಿರುಗಿಸಿ ತೋಳಿನಿಂದ ಮೂಗು ಒರೆಸಿಕೊಂಡು, ಮತ್ತೆ ತಂಗಿಯ ಎದುರು ಕುಕ್ಕರುಗಾಲಲ್ಲಿ ಕೂತಾಗ ನಗುತ್ತಿದ್ದಳು.

"ಪೆದ್ದಿ. ಆ ಮಂಚ ನಾನು ಅವತ್ತೇ ನೋಡ್ದೆ. ಚೋಟುದ್ದ ಇದೆ. ನಾನು ಮಲ್ಕೊಂಡ್ರೆ ಮೊಣಕಾಲ ತನಕ ಆಚೆ ನೇತಾಡತ್ತೆ. ಅದು ನಿನ್ನ ಅಳತೆದು, ಇವತ್ತಿಂದ ಅದ್ರ ಮೇಲೇ ಮಲಗ್ಬೇಕು, ಗೊತ್ತಾಯ್ತಾ? ಈಗ ನಾನು ಹೋಗೋ ಕಡೆ ಉದ್ದ ಮಂಚ ಇದೆಯಂತೆ. ಬೇಸಿಗೆ ಮುಗಿದ್ಮೇಲೆ ಬಂದು ನೋಡ್ತೀನಿ. ಮಿಸ್ ವರ್ಲೀನ್ ನನ್ನ ಅಳತೆ ಮಂಚಕ್ಕೆ ಎಲ್ಲಾ ಕಡೆ ಹುಡುಕಿದ್ರು ಕಣೇ, ಪಾಪ. ಸಿಗ್ಲಿಲ್ಲ."

ಓಪಲ್ ನಿಧಾನವಾಗಿ ತಿರುಗಿತು. ಕತ್ತೆತ್ತಿ ವರ್ಲೀನಳ ಮುಖವನ್ನೇ ನೋಡಿತು.

"ಹುಡುಕಿದ್ರಾ?"

ತಂಗಿಯ ತಲೆಯ ಮೇಲಿಂದ ಮಕೆನ್ನಾಳ ಕಣ್ಣುಗಳು ವರ್ಲೀನಳ ಮೇಲೆ ನೆಟ್ಟಿದ್ದವು. ಅವುಗಳಲ್ಲಿ ಬೇಡಿಕೆ ಇರಲಿಲ್ಲ, ಅಪ್ಪಣೆ ಇತ್ತು.

"ಹುಡುಕಿದೆ ಚಿನ್ನ," ಎಂದಳು ವರ್ಲೀನ್. ದನಿ ತನ್ನದಲ್ಲ ಎನ್ನಿಸಿತು. "ಎಲ್ಲಾ ಕಡೆ ಹುಡುಕಿದೆ."

ಹೊರಗೆ ಗಾಡಿ ಬಂದು ನಿಂತಿತು. ಮಕೆನ್ನಾ ಚೀಲ ಹೆಗಲಿಗೇರಿಸಿ ತಂಗಿಯ ನೆತ್ತಿಗೆ ಮುತ್ತಿಟ್ಟು, ಹಿಂತಿರುಗಿ ನೋಡದೆ ಟ್ರೀಸಾಳ ಹಿಂದೆ ನಡೆದಳು. ಓಪಲ್ ಅತ್ತಿತು, ಸದ್ದು ಮಾಡದೆ, ಬಾಗಿಲು ಮುಚ್ಚಿಕೊಳ್ಳುವ ತನಕ. ಆಮೇಲೆ ಪಕ್ಕದಲ್ಲಿ ಯಾರೋ ತನಗಿಂತ ಜೋರಾಗಿ ಅಳುತ್ತಿದ್ದಾರೆ ಎಂದು ಅದಕ್ಕೆ ಗೊತ್ತಾಯಿತು. ಬೆಂಚಿನ ಮೇಲೆ ಹತ್ತಿ ಕೂತು, ವರ್ಲೀನಳ ಬೆನ್ನನ್ನು ತನ್ನ ಪುಟ್ಟ ಕೈಯಿಂದ ತಟ್ಟತೊಡಗಿತು.

"ಹೋಗ್ಲಿ ಬಿಡಿ, ಮಿಸ್ ವರ್ಲೀನ್," ಎಂದಿತು. "ನೀವೇನು ಮಾಡಕ್ಕಾಗತ್ತೆ. ಮಂಚ ಇರ್ಲಿಲ್ಲ."